ಬಾಟಲಿ ಬೋರಲು ಹಿಡಿದು ಕೂರುತ್ತಿದ್ದ ಜೈತುನಕ್ಕ

ನಮ್ಮ ಬೀದಿಯಲ್ಲಿ ಯಾರು ಯಾವ ಊರಿಗೆ ಹೊರಟರೂ ಅವರ ಬಾಟಲಿ ಮೊದಲು ಜೈತುನಕ್ಕನ ಮಡಿಲಿಗೆ ಬರಬೇಕಿತ್ತು. ಕೊಬ್ಬರಿ ಎಣ್ಣೆಯಿರಲಿ, ತುಪ್ಪವಿರಲಿ, ಬಾಣಂತಿಗೆ ಕಳಿಸುವ ಕಷಾಯವಿರಲಿ, ಮುಚ್ಚಳ ಬಿಗಿ ಮಾಡಿ, ಬಾಯಿ ಕೆಳಗೆ ಮಾಡಿ, ಉಟ್ಟ ಸೀರೆಯ ಮೇಲೆಯೇ ಬೋರಲು ಹಿಡಿದುಕೊಂಡು ಕೂರುತ್ತಿದ್ದಳು. ಕೈಗೆ ಬೇರೆ ಕೆಲಸವಿಲ್ಲವೆಂದು ಬಾಯಿಗೆ ಕೆಲಸ ಕೊಡುವಳು. ಬೀದಿಯ ಸುದ್ದಿಯೆಲ್ಲ ಮುಗಿದ ಮೇಲೆ ಬಾಟಲಿ ಎತ್ತಿ, ಸೀರೆ ಮುಟ್ಟಿ ನೋಡುವಳು. ಒಣಗಿದ್ದರೆ, "ಹೊತ್ಕಂಡು ಹೋಗ್ರಿ, ದಿಲ್ಲಿಗಂಟ ಏನೂ ಆಗಲ್ಲ" ಅನ್ನುವಳು. ಒಂದು ಹನಿ ತೇವ ಕಂಡರೂ ಎಲ್ಲ ಬಿಚ್ಚಿ ಮತ್ತೆ ಮೊದಲಿಂದ.

"ನೆಲದ ಮೇಲೆ ಬೋರಲು ಇಟ್ಟು ನೋಡಬಾರದೇನಕ್ಕ, ಸೀರೆ ಯಾಕ ಹಾಳು ಮಾಡ್ಕೊಂತೀ?" ಎಂದು ನಾನು ಒಮ್ಮೆ ಕೇಳಿದ್ದೆ.

"ನೆಲಕ್ಕೇನು ಗೊತ್ತಾಗ್ತೈತೆ ಹಾಲವ್ವ? ಸೋರಿದ್ರೆ ನನ್ನ ಸೀರೇನೇ ಕಲೆ ಆಗ್ತೈತೆ ಅಂದಾಗ ನನ್ನ ಕೈ ಹುಷಾರಾಗಿರ್ತೈತೆ" ಅಂದಳು.

ಅವಳದು ಗೋಲಿ ಸೋಡಾದ ಮನೆ. ನಿಟ್ಟುವಳ್ಳಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಗಂಡ ಬಾಷಾಣ್ಣ ಮುಂದಿನ ಪಡಸಾಲೆಯಲ್ಲಿ ಮಿಷನ್ ತಿರುಗಿಸಿ ಗ್ಯಾಸ್ ತುಂಬುತ್ತಿದ್ದ, ಇವಳು ಬಾಟಲಿ ತೊಳೆಯುವುದು, ರಬ್ಬರ್ ಬಳೆ ಬದಲಿಸುವುದು, ಬಣ್ಣದ ಸಿಹಿ ಸೋಡಾಕ್ಕೆ ಪಾಕ ಮಾಡುವುದು. ಆನಗೋಡಿನಲ್ಲೋ ಹರಿಹರದಲ್ಲೋ ಮದುವೆಯಿದ್ದರೆ ಸೋಡಾ ಕಳಿಸಬೇಕು. ಹಸಿ ಗೋಣಿ, ಭತ್ತದ ಹುಲ್ಲು, ಮತ್ತೆ ಹಸಿ ಗೋಣಿ ಹಾಸಿ ಅವಳು ಕಟ್ಟಿದ ಪೆಟ್ಟಿಗೆ ಟೆಂಪೋದಲ್ಲಿ ಕುಣಿಕುಣಿದು ಹೋದರೂ ಒಂದು ಬಾಟಲಿ ಒಡೆಯುತ್ತಿರಲಿಲ್ಲ. "ನೀರು ದಾರಿ ಹುಡುಕ್ತೈತೆ, ಅದಕ್ಕಿಂತ ಮೊದ್ಲು ನಾವು ಹುಡುಕಿ ಮುಚ್ಬೇಕು" ಅನ್ನುವುದು ಅವಳ ಮಾತು. ಬಾಟಲಿಯ ಕುತ್ತಿಗೆವರೆಗೆ ಎಣ್ಣೆ ತುಂಬಿ ತಂದವರಿಗೆ ಬೈಗುಳ ಗ್ಯಾರಂಟಿ. "ನೀವು ಉಣ್ಣಾಗ ಗಂಟಲಿಗಂಟ ತುಂಬ್ಕೊಂತೀರೇನ್ರಿ? ಅದಕ್ಕೂ ಉಸಿರಾಡಕ ಜಾಗ ಬೇಕು."

ನನ್ನ ಮೊಮ್ಮಗಳು ಸುಮಾ ನಿನ್ನೆಯಿಂದ ಸಮುದ್ರದ ಮೇಲಿದ್ದಾಳೆ. ಈ ಒಂದು ಮಾತನ್ನು ಬೆಳಗಿನಿಂದ ಎಷ್ಟು ಜನರಿಗೆ ಹೇಳಿದರೂ ನನಗೆ ಸಾಲದು. ಹಾಲು ಹಾಕುವವನಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ. ಅವರಿಗೆ ಅದು ಬರೀ ಹಡಗಿನ ಸುದ್ದಿ. ಅದರ ಹಿಂದೆ ಎಷ್ಟು ವರ್ಷದ ಅಂಜಿಕೆ ಇದೆ ಎಂದು ಗೊತ್ತಿದ್ದವಳು ಜೈತುನಕ್ಕ.

ಸುಮಾ ಸಣ್ಣ ಶಾಲೆಗೆ ಹೋಗುವಾಗಲೇ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಮುದುಕರಿಗೆ ಬರುವ ರೋಗ ಹಾಲುಹಲ್ಲಿನ ಕೂಸಿಗೆ ಬರುತ್ತದೆಂದು ನಾವು ಯಾರೂ ಕೇಳಿರಲಿಲ್ಲ. ದಿನಾಲೂ ಇನ್ಸುಲಿನ್ ಸೂಜಿ. ಅವಳ ಅಪ್ಪ ಅಮ್ಮ ಹರಿಹರದಲ್ಲಿ ಕೆಲಸಕ್ಕಿದ್ದರು. ದಾವಣಗೆರೆಯ ಆಸ್ಪತ್ರೆ ಹತ್ತಿರವಾಗಲೆಂದು ಕೂಸು ನನ್ನ ಬಳಿ ಇತ್ತು. ಸೂಜಿ ಹಾಕಿದ ಮೇಲೆ ಊಟ ತಡವಾದರೆ ಸಕ್ಕರೆ ಇಳಿದುಬಿಡುತ್ತದೆ, ಬೆವರುತ್ತಾಳೆ, ಕೈ ನಡುಗುತ್ತದೆ, ಆಗ ತಡ ಮಾಡದೆ ಬಾಯಿಗೆ ಸಿಹಿ ಹೋಗಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರಮ್ಮ ಹೇಳಿದ್ದರು. ಆ ಮಾತು ಕೇಳಿದ ದಿನದಿಂದ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಇನ್ಸುಲಿನ್ ತಂಪಾಗಿರಬೇಕು, ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. "ತಂಪು ತಾನೆ? ನಮ್ಮನೆಯಾಗ ಬರ್ಫ್ ಐತೆ, ತಗಂಬಾ" ಎಂದಳು ಜೈತುನಕ್ಕ. ತಂಪು ಎಂದರೆ ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದೆಂಬುದು ಸೋಡಾದವರ ಲೆಕ್ಕ. ಔಷಧಿಯ ಪುಟ್ಟ ಶೀಶೆಯನ್ನು ಮಂಜುಗಡ್ಡೆಯ ನಡುವೆ ಹೂತಿಟ್ಟಳು. ಅದು ಕಲ್ಲಾಗಿ ಕೂತಿತು. ಆಸ್ಪತ್ರೆಯ ನರ್ಸಮ್ಮ ನೋಡಿ, ಹೆಪ್ಪುಗಟ್ಟಿದ್ದು ಇನ್ನು ಕೆಲಸಕ್ಕೆ ಬಾರದು, ಬೇರೆ ತಗೊಳ್ಳಿ ಎಂದರು. ಬೈಯಲಿಲ್ಲ. ಮಣ್ಣಿನ ಗಡಿಗೆಗೆ ಹಸಿ ಬಟ್ಟೆ ಸುತ್ತಿ ನೆರಳಲ್ಲಿಡುವುದನ್ನು ತೋರಿಸಿಕೊಟ್ಟರು. ಜೈತುನಕ್ಕ ಮನೆಗೆ ಬರುವ ದಾರಿಯುದ್ದಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೂಸಿನ ಔಷಧೀನ ಸೋಡಾ ಅಂದ್ಕಂಡ್ನಲ್ಲ ಹಾಲವ್ವ" ಎಂದಳು. ಅಂದಿನಿಂದ ಆ ಗಡಿಗೆಯ ಬಟ್ಟೆ ಒಣಗದಂತೆ ನೀರು ಹಾಕುವುದು ಅವಳ ಪಾಲಿನ ಕೆಲಸವಾಯಿತು. ನಮಾಜಿಗೆ ಕೈಕಾಲು ತೊಳೆದಾಗಲೆಲ್ಲ ನಮ್ಮ ಮನೆಗೆ ಬಂದು ಗಡಿಗೆಗೂ ನೀರು ಚಿಮುಕಿಸಿ ಹೋಗುವಳು.

ಆದರೆ ನಾನು ಹೇಳಬೇಕಾದ್ದು ಬಸ್ಸಿನ ಸಂಗತಿ.

ಒಂದು ಶನಿವಾರ ನಾನು, ಸುಮಾ, ಜೈತುನಕ್ಕ ಹರಿಹರಕ್ಕೆ ಹೊರಟೆವು. ಅವಳ ತಂಗಿಯ ಮನೆಯೂ ಅಲ್ಲೇ. ಕೂಸಿಗೆ ಬೇಕಾದೀತೆಂದು ಸಕ್ಕರೆ ಪಾನಕವನ್ನು ಅವಳೇ ಬಾಟಲಿಗೆ ತುಂಬಿದ್ದಳು. ಮುಚ್ಚಳದ ಒಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ, ಅದರ ಮೇಲೆ ದಾರ. ಮಡಿಲಲ್ಲಿ ಬೋರಲು ಹಿಡಿದು ನೋಡಿದ್ದೂ ಆಗಿತ್ತು. ಬಸ್ಸು ಇರುವೆಗೂ ಜಾಗವಿಲ್ಲದಂತೆ ತುಂಬಿತ್ತು. ಕಂಡಕ್ಟರ್ ಬಾಟಲಿಯಿದ್ದ ನಮ್ಮ ಕೈಚೀಲ ಇಸಿದುಕೊಂಡು ಡ್ರೈವರ್ ಪಕ್ಕ ಇಟ್ಟ. ನಾವು ಹಿಂದೆ. ದಾರಿಯಲ್ಲಿ ಒಂದು ಲಾರಿ ಅಡ್ಡ ನಿಂತು ಬಸ್ಸು ಅಲ್ಲೇ ನಿಂತುಬಿಟ್ಟಿತು. ಹೊತ್ತು ಹೋಗುತ್ತಾ ಹೋಗುತ್ತಾ ನನ್ನ ತೊಡೆಯ ಮೇಲಿದ್ದ ಕೂಸು ತಣ್ಣಗೆ ಬೆವರತೊಡಗಿತು. ಕರೆದರೆ ಓಗೊಡಲಿಲ್ಲ.

"ಚೀಲ! ಆ ಹಸಿರು ಚೀಲ ಕೊಡ್ರೀ!" ಎಂದು ಜೈತುನಕ್ಕ ಕಿರುಚಿದ ರಭಸಕ್ಕೆ ಇಡೀ ಬಸ್ಸು ತಿರುಗಿತು. ಚೀಲ ತಲೆಗಳ ಮೇಲೆ ಕೈಯಿಂದ ಕೈಗೆ ಬಂತು. ಬಾಟಲಿ ನನ್ನ ಕೈಗೆ ಬಂತು. ತೆರೆಯಲಾಗಲಿಲ್ಲ. ದಾರ ಬಿಚ್ಚದು, ರಬ್ಬರ್ ಜಾರದು. ಪಕ್ಕದ ಗಂಡಸು ಪ್ರಯತ್ನಿಸಿದ, ಅವನಿಂದಲೂ ಆಗಲಿಲ್ಲ. ಜೈತುನಕ್ಕ ಕಿತ್ತುಕೊಂಡು ಹಲ್ಲಿನಿಂದ ರಬ್ಬರ್ ಹರಿದಳು. ತುಟಿ ಸೀಳಿ ರಕ್ತ ಬಂತು. ಹಾಗೇ ಕೂಸಿನ ಬಾಯಿಗೆ ಗುಟುಕು ಗುಟುಕಾಗಿ ಹಿಡಿದಳು. ಸ್ವಲ್ಪ ಹೊತ್ತಿಗೆ ಸುಮಾ ಕಣ್ಣು ಬಿಟ್ಟು, "ಜೈತುನಜ್ಜಿ, ನಿನ್ನ ಬಾಯಿಗೆ ಏನಾತು?" ಎಂದಿತು. ಬಸ್ಸಿನ ಹೆಂಗಸರೆಲ್ಲ ಅತ್ತರು.

ಹರಿಹರದಲ್ಲಿ ಇಳಿದ ಮೇಲೆ ಜೈತುನಕ್ಕ ಹೊಳೆಯ ಕಡೆ ಮುಖ ಮಾಡಿ ನಿಂತು, "ಜೀವಮಾನ ಎಲ್ಲಾ ಸೋರಬಾರದು ಅಂತ ಮುಚ್ಚಿದೆ. ತೆರಿಬೇಕು ಅನ್ನೋದು ಮರ್ತಿದ್ದೆ ನೋಡು" ಎಂದಳು. ಆಮೇಲೆ ಅವಳಿಗೆ ಎರಡು ಕಟ್ಟಳೆಗಳಾದವು. ಜೀವ ಉಳಿಸೋ ನೀರು ಮೈಮೇಲೆ ಇರಬೇಕು, ಚೀಲದಲ್ಲಲ್ಲ. ಅದನ್ನು ನಡುಗುವ ಕೈಯೂ ತೆರೆಯಬೇಕು. ಸುಮಾಳ ಶಾಲೆಗೆ, ಕಾಲೇಜಿಗೆ, ಪರೀಕ್ಷೆಗೆ, ಕೊನೆಗೆ ಮದುವೆಯ ಹಸೆಮಣೆಗೂ ಆ ಕಟ್ಟಳೆ ನಡೆಯಿತು. ಧಾರೆ ಸೀರೆಯ ಸೊಂಟದಲ್ಲಿ ಒಂದು ಪುಟ್ಟ ಚೀಲ ಸಿಕ್ಕಿಸಿದ್ದು ಬೀಗರಿಗೆ ಇಂದಿಗೂ ಗೊತ್ತಿಲ್ಲ.

ಸುಮಾಳ ಗಂಡ ಮಂಜು ವಿದ್ಯಾನಗರದಲ್ಲಿ ಕಾಲೇಜು ಮೇಷ್ಟ್ರು. ಈ ಸಲ ಅವರೆಲ್ಲ ಮೇಷ್ಟ್ರುಗಳು ಸೇರಿ ಮುಂಬೈಯಿಂದ ದೊಡ್ಡ ಹಡಗಿನಲ್ಲಿ ಹೋಗುವುದೆಂದು ಗೊತ್ತು ಮಾಡಿದರು. ಪ್ರವಾಸದ ಆಫೀಸಿನವರು ಹೇಳಿದ್ದನ್ನು ಮಂಜು ತಿಳಿಸಿದ: ಹೊರಗಿನ ಕುಡಿಯುವ ಪದಾರ್ಥ ಹಡಗಿಗೆ ಬಿಡುವುದಿಲ್ಲ, ಔಷಧಿಗೆಂದರೆ ಡಾಕ್ಟರ ಚೀಟಿ ತೋರಿಸಬೇಕು, ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ಇಸಿದುಕೊಂಡು ಸಂಜೆಗೆ ರೂಮಿಗೆ ಕಳಿಸುತ್ತಾರೆ. ನನಗೆ ಬಸ್ಸೇ ಕಣ್ಣಿಗೆ ಕಟ್ಟಿತು. ನಡು ಸಮುದ್ರದಲ್ಲಿ ಯಾವ ಚೀಲ, ಯಾವ ಕೈ? ನಾನು ಹೋಗಬೇಡ ಎಂದುಬಿಟ್ಟೆ. ಸುಮಾಳ ಮುಖ ಬಾಡಿತು.

ಜೈತುನಕ್ಕ ಆಗ ಬಹಳ ಇಳಿದಿದ್ದಳು. ಬಾಷಾಣ್ಣ ಹೋಗಿ, ಸೋಡಾ ಮಿಷನ್ ನಿಂತು, ಅವಳಿಗೆ ಉಸಿರಾಟದ ತೊಂದರೆ ಹಿಡಿದಿತ್ತು. ಮಗಳು ನಸೀಮಾ ನೋಡಿಕೊಳ್ಳುತ್ತಿದ್ದಳು. ಸುದ್ದಿ ಕೇಳಿ ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಮಧ್ಯಾಹ್ನದ ಹೊತ್ತು. ಕೂತು ಉಸಿರು ಸುಧಾರಿಸಿಕೊಂಡು, "ಹಾಲವ್ವ, ಕೂಸಿನ್ನ ಬಾಟ್ಲಿ ಒಳಗ ಹಾಕಿ ಮುಚ್ಚಳ ಬಿಗಿದು ಇಟ್ಕಂತೀಯೇನು?" ಎಂದಳು.

"ಅಲ್ಲಕ್ಕ, ಸಮುದ್ರ..."

"ಸಮುದ್ರಕ್ಕೆ ಹೆದರ್ತೀಯೋ, ಕೂಸಿಗೆ ಹೆದರ್ತೀಯೋ? ಕೂಸಿಗಾದ್ರೆ ನಾವೇನು ಮಾಡ್ಬೇಕೋ ಮಾಡಾಣ. ಹಡಗಿಗೆ ಇನ್ನೂ ದಿನ ಐತೆ, ಆದ್ರೂ ಈಗ್ಲೇ ಕಟ್ಟಿ ನೋಡಾಣ, ತಗಂಬಾ ಪೆಟ್ಟಿಗೆ."

ಸುಮಾ, ಮಂಜು ಇಬ್ಬರನ್ನೂ ಕರೆಸಿದಳು, ಅಂದಿನ ಮಧ್ಯಾಹ್ನ ನಮ್ಮ ಮನೆ ಅವಳ ಕಾರ್ಖಾನೆಯಾಯಿತು. ನಾನು ಪೆಟ್ಟಿಗೆಗೆ ತುಂಬಿದ ಮಾವಿನ ಉಪ್ಪಿನಕಾಯಿ, ತುಪ್ಪ ಎಲ್ಲ ಹೊರಗೆ ಬಂದವು. "ಹಡಗಿನಾಗ ಊಟ ಹಾಕಲ್ಲೇನು? ಉಪವಾಸಕ್ಕ ಕಳಿಸ್ತೀ ನೋಡು!" ತಲೆಗೆ ಹಚ್ಚುವ ಎಣ್ಣೆಯ ಬಾಟಲಿಗೆ ಹಾಳೆ ಹಾಕಿ ಬಿಗಿದು ದೊಡ್ಡ ಪೆಟ್ಟಿಗೆಯ ನಡುವೆ ಬಟ್ಟೆಯಲ್ಲಿ ಹುದುಗಿಸಿದಳು. ಇನ್ಸುಲಿನ್‌ಗೆ ಮಂಜು ಒಂದು ಚೀಲ ತಂದಿದ್ದ. ನೀರಲ್ಲಿ ನೆನೆಸಿದರೆ ಅದು ತಂಪು ಹಿಡಿದಿಡುತ್ತದಂತೆ. ಮುಟ್ಟಿ ಮುಟ್ಟಿ ನೋಡಿ, "ನಮ್ಮ ಗಡಿಗೇನೇ ಇದು, ಅಂಗಿ ತೊಟ್ಕೊಂಡೈತೆ ಅಷ್ಟೇ" ಎಂದು ನಕ್ಕಳು. ನಗು ಕೆಮ್ಮಾಯಿತು.

ಸಿಹಿಗೆ ಮಾತ್ರ ಅವಳು ಬಾಟಲಿಯನ್ನೇ ಮುಟ್ಟಲಿಲ್ಲ. ಅಂಗಡಿಯಲ್ಲಿ ಸಿಗುವ, ನಳಿಕೆ ಚುಚ್ಚಿ ಕುಡಿಯುವ ಸಣ್ಣ ರಟ್ಟಿನ ಪೊಟ್ಟಣದ ಹಣ್ಣಿನ ರಸ ತರಿಸಿದಳು. "ಸೀಲ್ ಐತೆ, ಡಾಕ್ಟರ ಚೀಟಿ ಜೊತೆಗಿದ್ರೆ ಹಡಗಿನೋರಿಗೂ ಅನುಮಾನ ಬರಲ್ಲ. ಇದಕ್ಕೆ ಮುಚ್ಚಳಾನೇ ಇಲ್ಲ" ಎಂದಳು. ಹುಟ್ಟಿದಾಗಿನಿಂದ ಬಾಟಲಿಯನ್ನೇ ನಂಬಿದ್ದವಳು. ತನ್ನ ಹಳೇ ಸೀರೆಯಲ್ಲಿ ಕೈಯಾರೆ ಹೊಲಿದ ಎರಡು ಚೀಲ ತಂದಿದ್ದಳು, ಒಂದು ಸುಮಾಳ ಹೆಗಲಿಗೆ, ಒಂದು ಮಂಜುವಿನ ಹೆಗಲಿಗೆ. ಜನಜಂಗುಳಿಯಲ್ಲಿ ಒಬ್ಬರಿಗೊಬ್ಬರು ತಪ್ಪಿಸಿಕೊಂಡರೆ?

"ಮೇಷ್ಟ್ರೇ, ಈಗ ನಿಮಗೆ ಪರೀಕ್ಷೆ. ಒಂದು ಕೈಯಾಗ ಅವಳ್ನ ಹಿಡ್ಕೊಳ್ರಿ, ಇನ್ನೊಂದು ಕೈಯಾಗ ಇದನ್ನ ಚುಚ್ರಿ ನೋಡಾಣ."

ಮಂಜು ಗಾಬರಿಯಲ್ಲಿ ಪೊಟ್ಟಣ ಹಿಚುಕಿದ. ರಸವೆಲ್ಲ ಚಿಮ್ಮಿ ಅಂಗಿಗೆ, ಗೋಡೆಗೆ.

"ನಪಾಸ್!" ಎಂದು ಸುಮಾ ಚಪ್ಪಾಳೆ ತಟ್ಟಿದಳು.

"ನಗಬ್ಯಾಡ ಬೇಟಿ. ಇಲ್ಲಿ ನಪಾಸಾದ್ರೆ ಅಲ್ಲಿ ಪಾಸಾಗ್ತಾರೆ. ಹಿಚುಕಬ್ಯಾಡ್ರಿ, ಅಂಚು ಹಿಡೀರಿ. ಹಾಂ, ಹಕ್ಕಿ ಮರಿ ಹಿಡಿದಂಗೆ." ಅವನ ಕೈ ಪಳಗುವತನಕ ಬಿಡಲಿಲ್ಲ. ಆ ಸಂಜೆ ನಮಗೆಲ್ಲ ಹೊಟ್ಟೆ ತುಂಬ ಹಣ್ಣಿನ ರಸವೇ. ಬಾಗಿಲು ದಾಟುವಾಗ ಸುಮಾಳ ತಲೆಯ ಮೇಲೆ ಕೈಯಿಟ್ಟು ಏನೋ ಮಣಮಣ ಹೇಳಿ ಗಾಳಿ ಊದಿದಳು. ನನಗೆ, "ನೀನು ಅಳ್ತಾ ಕಳಿಸಬ್ಯಾಡ, ನಕ್ಕೊಂತ ಕಳಿಸು" ಎಂದಳು. ಗೋಡೆ ಹಿಡಿದುಕೊಂಡೇ ಹೋದಳು. ನಾವು ನೆಮ್ಮದಿಯಾಗಿ ಕೂತು ಮಾತಾಡಿದ್ದು ಅದೇ ಕೊನೆ.

ಹಡಗಿನ ದಿನಕ್ಕೆ ಇನ್ನೂ ಕೆಲವು ವಾರವಿದ್ದಾಗ ಅವಳು ಹೋದಳು. ಒಂದು ಬೆಳಿಗ್ಗೆ ಎದೆ ಬಿಗಿ ಹಿಡಿಯಿತು ಎಂದಳಂತೆ, ಆಸ್ಪತ್ರೆ ಮುಟ್ಟಲಿಲ್ಲ. ಅವಳ ಮಣ್ಣಿಗೆ ನಮ್ಮ ಬೀದಿಯ ಗಂಡಸರೆಲ್ಲ ಹೋದರು. ಸುಮಾ ಪ್ರವಾಸ ಬೇಡವೆಂದು ಕೂತಳು. ನಸೀಮಾನೇ ಬಂದು, "ಅಮ್ಮಿ ಕಟ್ಟಿದ ಗಂಟು ಬಿಚ್ಚಬ್ಯಾಡ, ಹೋಗಿ ಬಾ" ಎಂದಳು. ನಾನು ನಕ್ಕೊಂತ ಕಳಿಸಿದೆ. ರೈಲು ಕಣ್ಮರೆಯಾಗುವತನಕ ಆ ನಗು ಹಿಡಿದಿಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ನನಗೇ ಗೊತ್ತು.

ನಿನ್ನೆ ಮಧ್ಯಾಹ್ನ ಫೋನ್ ಬಂತು. ಬಂದರಿನಲ್ಲಿ ಸಾಲು ಬಹಳ ಉದ್ದವಿತ್ತಂತೆ. ಪೆಟ್ಟಿಗೆಗಳೆಲ್ಲ ಆಗಲೇ ಹೋಗಿದ್ದವಂತೆ. ಊಟ ತಡವಾಗಿ ಸುಮಾಳ ಕೈ ನಡುಗಲು ಶುರುವಾಯಿತಂತೆ. ಅವಳಿಗೆ ತಿಳಿಯುವ ಮೊದಲೇ ಮಂಜು ನೋಡಿದ. ತೋಳಲ್ಲಿ ಅವಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ಅಂಚು ಹಿಡಿದು ಚುಚ್ಚಿದ. ಒಂದು ಹನಿ ಚೆಲ್ಲಲಿಲ್ಲವಂತೆ. ಸ್ವಲ್ಪ ಹೊತ್ತು ನೆಲದ ಮೇಲೆ ಕೂತಿದ್ದು, ಎದ್ದು, ತನ್ನ ಕಾಲಿನ ಮೇಲೆ ತಾನೇ ನಡೆದು ಹಡಗು ಹತ್ತಿದಳಂತೆ. "ಅಜ್ಜಿ, ನೋಡಿಲ್ಲಿ" ಎಂದು ಫೋನಿನಲ್ಲಿ ಸಮುದ್ರ ತೋರಿಸಿದಳು. ಅಷ್ಟು ನೀರು! ನಾನು ಸಮುದ್ರ ನೋಡಲಿಲ್ಲ, ಅದರ ಮುಂದೆ ನಗುತ್ತಿದ್ದ ಅವಳ ಮುಖವನ್ನೇ ನೋಡಿದೆ.

ಫೋನ್ ಇಟ್ಟದ್ದೇ ಚಪ್ಪಲಿ ಮೆಟ್ಟದೆ ಓಡಿದೆ. ಪಕ್ಕದ ಮನೆಯ ಹೊಸ್ತಿಲು ದಾಟಿ, "ಜೈತುನಕ್ಕಾ, ಕೂಸು ಹಡಗು ಹತ್ತಿದ್ಲು ಕಣೇ!" ಎಂದು ಕೂಗಿಯೇಬಿಟ್ಟಿದ್ದೆ.

ಒಳಗಿನಿಂದ ನಸೀಮಾ ಬಂದಳು. ಕೈ ಹಿಟ್ಟಾಗಿತ್ತು. ನಾನು ನಿಂತಲ್ಲೇ ನಿಂತೆ. ಅವಳು ಮೊಣಕೈಯಿಂದ ಕುರ್ಚಿ ಮುಂದಕ್ಕೆ ತಳ್ಳಿದಳು.

"ಕೂಡ್ರಿ ಚಿಕ್ಕವ್ವ. ಮೊದಲಿಂದ ಹೇಳ್ರಿ."

ನಾನು ಕೂತು ಮೊದಲಿಂದ ಹೇಳಿದೆ. ಜೈತುನಕ್ಕ ಮಲಗುತ್ತಿದ್ದ ಒಳಕೋಣೆಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.