ಹಸಿರು ದಾರದ ಬಾಳೆ ಮೀನು

ಆಗ ನಮ್ಮ ಓಣಿಯಲ್ಲಿ ದೊಡ್ಡ ಮೀನು ಕೈತಪ್ಪಿ ಹೋಗದ ಗಂಡಸೇ ಇರಲಿಲ್ಲ. ಜುಗೂಳದಲ್ಲಿ ನಮ್ಮ ಮನೆಯಿಂದ ಕೃಷ್ಣಾ ಹೊಳೆಗೆ ಕೂಗಳತೆ ದೂರ. ಸಂಜೆ ನಾಲ್ಕು ಜನ ಕಟ್ಟೆಗೆ ಕೂತರೆ ಸಾಕು, ಒಬ್ಬೊಬ್ಬರ ಮೀನೂ ಹೊರಗೆ ಬರುತ್ತಿತ್ತು. ಹಿಡಿದ ಮೀನಿನ ಮಾತನ್ನು ಮಾತ್ರ ಯಾರೂ ಆಡುತ್ತಿರಲಿಲ್ಲ. ಅದನ್ನು ಊರೆಲ್ಲ ಕಣ್ಣಾರೆ ನೋಡಿರುತ್ತಿತ್ತು, ಅದು ಗೇಣುದ್ದ ಇರುತ್ತಿತ್ತು. ತಪ್ಪಿಸಿಕೊಂಡದ್ದಾದರೆ ಮಾರುದ್ದ, ಆಳೆತ್ತರ. ಈಗಲೂ ಯಾರಾದರೂ ಎರಡು ಕೈ ಅಗಲಿಸಿ ‘ಇಷ್ಟ್ ದೊಡ್ಡದಿತ್ತ ನೋಡ’ ಎಂದು ಶುರು ಮಾಡಿದರೆ ನಾನು ಅಲ್ಲಿ ಕೂಡುವುದಿಲ್ಲ. ಎದ್ದು ಹೋಗಿಬಿಡುತ್ತೇನೆ. ಸೊಕ್ಕಿನವಳು ಅನ್ನುತ್ತಾರೆ, ಅನ್ನಲಿ.

ಈ ಕಟ್ಟೆಯ ಮಂದಿಗೆಲ್ಲ ಹಿರಿಯ ನಮ್ಮ ದತ್ತು ಕಾಕಾ, ಅಪ್ಪನ ತಮ್ಮ. ಬೋರಗಾಂವದಲ್ಲಿ ಪವರ್‌ಲೂಮಿನ ಕೆಲಸ, ವಾರಕ್ಕೊಂದು ದಿನ ಮನೆಗೆ. ಬರುವಾಗ ಮಗ್ಗದಲ್ಲಿ ಉಳಿದ ತುಂಡು ನೂಲನ್ನು ಚೀಲದಲ್ಲಿ ತುರುಕಿಕೊಂಡು ತರುತ್ತಿದ್ದ. ಓಣಿಯ ಮೀನುಗಾರರಿಗೆಲ್ಲ ಆ ನೂಲು ಬೇಕು. ಗಾಳವನ್ನು ನೈಲಾನ್ ದಾರಕ್ಕೆ ಕಟ್ಟುವಾಗ ಮೇಲೆ ಬಣ್ಣದ ನೂಲನ್ನು ಬಿಗಿಯಾಗಿ ಸುತ್ತುವುದು ನಮ್ಮಲ್ಲಿನ ಪದ್ಧತಿ. ಒಂದೊಂದು ಮನೆಗೆ ಒಂದೊಂದು ಬಣ್ಣ. ಕಾಕಾನದು ಕೆಂಪು. ಅವನನ್ನು ಕಾಡಿ ಬೇಡಿ ನಾನು ಹಸಿರು ಇಸಿದುಕೊಂಡಿದ್ದೆ. ದಾರ ಹರಿದುಕೊಂಡು ಹೋದ ಮೀನು ಮುಂದೆ ಇನ್ನೊಬ್ಬರಿಗೆ ಸಿಕ್ಕರೆ, ಅದರ ಬಾಯಲ್ಲಿ ಯಾರ ಬಣ್ಣದ ಗಾಳ ಇರುತ್ತದೋ ಮೀನಿನ ತಲೆ ಅವರಿಗೆ. ಹೊಳೆಯ ಮೇಲೆ ಏನೇನು ಜಗಳವಾದರೂ ಆ ತಲೆಯ ಮಾತಿಗೆ ಯಾರೂ ತಪ್ಪುತ್ತಿರಲಿಲ್ಲ.

ಹುಡುಗಿಯರು ಗಾಳ ಹಾಕುವುದು ನಮ್ಮಲ್ಲಿ ಇರಲಿಲ್ಲ. ನಾನು ಹಾಕುತ್ತಿದ್ದೆ. ಐದನೇ ಕ್ಲಾಸು, ಮೊಣಕಾಲ ತುಂಬ ಗಾಯ, ಲಂಗದ ಕಿಸೆಯಲ್ಲಿ ಎರೆಹುಳ, ಬೆಂಕಿಪೊಟ್ಟಣದಲ್ಲಿ ಕೋಳಿ ಕರುಳು. ಬಾಳೆ ಮೀನಿಗೆ ಕರುಳೆಂದರೆ ಪ್ರಾಣ. ಆ ವಾಸನೆ ಉಗುರ ಸಂದಿಯಿಂದ ಎರಡು ದಿನ ಹೋಗುತ್ತಿರಲಿಲ್ಲ. ನಾನು ಊಟಕ್ಕೆ ಕೂತಾಗ ಅವ್ವ ತಾನೇ ನನ್ನ ಕೈ ಹಿಡಿದು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಆದರೂ ಆಗ ನನಗೆ ಯಾವುದೂ ಹೇಸಿಗೆ ಅನ್ನಿಸಿದ್ದಿಲ್ಲ. ಹೇಸಿಗೆ ಅಂದರೇನು ಅಂತ ತಿಳಿದದ್ದು ಆಮೇಲೆ.

ನನ್ನ ಜೊತೆ ಬರುತ್ತಿದ್ದವಳು ಪದ್ಮಾ. ಜೈನರ ಮನೆಯ ಹುಡುಗಿ, ನನ್ನದೇ ಕ್ಲಾಸು. ಹೊಳೆಯ ದಂಡೆಗೇ ಅವರ ಕಬ್ಬಿನ ಹೊಲ. ಹೊಲಕ್ಕೆ ಹೋಗುತ್ತೇನೆಂದು ಹೇಳಿ ಕಬ್ಬಿನ ನಡುವಿನಿಂದ ನನ್ನ ಹತ್ತಿರ ಬಂದು ಕೂಡುತ್ತಿದ್ದಳು. ಹಾಗೆ ಬಂದದ್ದು ಮನೆಯಲ್ಲಿ ತಿಳಿದರೆ ಬೆನ್ನಿನ ಸಿಪ್ಪೆ ಸುಲಿಯುತ್ತಿದ್ದರು. ಅದಕ್ಕೆ ಅವಳು ತನ್ನದೇ ಒಂದು ಲೆಕ್ಕ ಹಾಕಿಕೊಂಡಿದ್ದಳು: ನೋಡಿದರೂ ಪಾಪವೇ, ಆದರೆ ಮುಟ್ಟದಿದ್ದರೆ ಕಡಿಮೆ ಪಾಪ. ಆದ್ದರಿಂದ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೂಡುತ್ತಿದ್ದಳು. ನನ್ನ ಬೆಂಡು ನೀರಲ್ಲಿ ಮುಳುಗಿದಾಗಲೆಲ್ಲ ಕಣ್ಣು ಮುಚ್ಚಿ ಮೀನು ತಪ್ಪಿಸಿಕೊಳ್ಳಲಿ ಎಂದು ಬೇಡಿಕೊಳ್ಳುತ್ತಿದ್ದಳು. ನಾನು ಸಿಗಲಿ ಅಂತ, ಅವಳು ಹೋಗಲಿ ಅಂತ. ಇಬ್ಬರಿಗೂ ಸಿಟ್ಟಿರಲಿಲ್ಲ. ಹೊತ್ತು ಮುಳುಗುವ ಮೊದಲು ಅವಳ ಮನೆಯಲ್ಲಿ ಊಟ ಮುಗಿಯಬೇಕು, ಅವಳು ಎದ್ದಳೆಂದರೆ ನಾನೂ ದಾರ ಸುತ್ತಿ ಏಳುತ್ತಿದ್ದೆ.

ಆ ದಿನ ಅವಳು ಇನ್ನೇನು ಏಳಬೇಕು, ಬೆಂಡು ಮುಳುಗಲಿಲ್ಲ, ಮಾಯವೇ ಆಯಿತು. ದಾರವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದೆ, ಬುದ್ಧಿಯಿಲ್ಲದವಳು. ಅದು ಒಳಗೆ ಎಳೆದ ಎಳೆತಕ್ಕೆ ನಾನು ಹೊಳೆಯ ಪಾವಟಿಗೆ ಮೆಟ್ಟಿಲ ಮೇಲಿಂದ ಜಾರಿ ಮೊಣಕಾಲ ನೀರಿಗೆ ಬಂದೆ. ಪಾಚಿಯ ಕಲ್ಲು, ಕಾಲು ನಿಲ್ಲದು. ಒಂದು ಸಲ ಅದು ಮೇಲೆ ಬಂತು. ಅಗಲ ಬಾಯಿ, ಎರಡು ಉದ್ದನೆಯ ಮೀಸೆ, ಬೆಳ್ಳಿಯಂಥ ಹೊಟ್ಟೆ. ನನಗಿಂತ ಒಂದಿಷ್ಟೇ ಗಿಡ್ಡ. ಆಣೆ ಮಾಡಿ ಹೇಳುತ್ತೇನೆ ಅನ್ನಬೇಕೆನಿಸುತ್ತದೆ, ಆದರೆ ಕಟ್ಟೆಯವರೂ ಹೀಗೇ ಅನ್ನುತ್ತಿದ್ದರು.

“ಪದ್ಮಾ, ಲಂಗ ಹಿಡಿ,” ಎಂದು ಕೂಗಿದೆ. ದಾರ ಹಿಡಿ ಅನ್ನಲಿಲ್ಲ, ಅವಳು ಹಿಡಿಯುವುದಿಲ್ಲವೆಂದು ಗೊತ್ತಿತ್ತು. ಹಿಂದಿನಿಂದ ನನ್ನ ಲಂಗ ಹಿಡಿದರೆ ಸಾಕಿತ್ತು.

ಪದ್ಮಾ ಬೆನ್ನ ಹಿಂದಿನ ಕೈಯನ್ನು ಮುಂದೆ ತಂದಳು, ಮತ್ತೆ ಹಿಂದೆ ಒಯ್ದಳು. “ಸುನೀ, ಲಂಗ ಹಿಡದ್ರ ಮೀನ ಹಿಡದಂಗ ಆಗತೈತೇನ?” ಅಂತ ಕೇಳಿದಳು. ಖರೇನೇ ಕೇಳಿದಳು, ಉತ್ತರಕ್ಕೆ ಕಾಯುತ್ತ ನಿಂತಳು. ಅಷ್ಟರಲ್ಲಿ ದಾರ ಟಪ್ಪನೆ ಹರಿಯಿತು. ನಾನು ಹಿಂದಕ್ಕೆ ಬಿದ್ದೆ. ಅಂಗೈಯಲ್ಲಿ ರಕ್ತ, ಮೀನು ಇಲ್ಲ, ನನ್ನ ಹಸಿರು ದಾರದ ಗಾಳವೂ ಇಲ್ಲ.

ಮನೆಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಕಟ್ಟೆಯ ಮೇಲೆ ಕಾಕಾ ನನ್ನ ಅಂಗೈ ತಿರುಗಿಸಿ ನೋಡಿ, ಕಬ್ಬಿನ ಎಲೆ ಕೊಯ್ದದ್ದಿದು ಎಂದು ತೀರ್ಪು ಕೊಟ್ಟ. ಗಾಳ ಕಲ್ಲಿಗೆ ಸಿಕ್ಕಿರಬೇಕು, ಕಲ್ಲಿಗೆ ಮೀಸೆ ಬಂದಿರಬೇಕು ಎಂದು ಎಲ್ಲರೂ ನಕ್ಕರು. ತಮ್ಮ ತಮ್ಮ ಆಳೆತ್ತರದ ಮೀನನ್ನು ವರ್ಷಗಟ್ಟಲೆ ಒಬ್ಬರಿಗೊಬ್ಬರು ಉಣಿಸಿಕೊಂಡು ಬಂದ ಆ ದೊಡ್ಡ ಮನುಷ್ಯರಿಗೆ ನನ್ನ ಒಂದು ಮೀನು ಗಂಟಲಲ್ಲಿ ಇಳಿಯಲಿಲ್ಲ. ಅಪ್ಪನ ತಾಯಿ, ನಮ್ಮ ಆಯಿ, ಒಬ್ಬಳೇ ನನ್ನ ಕೈಗೆ ಅರಿಷಿಣ ಮೆತ್ತುತ್ತ, ಯಾರಾದರೂ ನೋಡಿದವರು ಇದ್ದರೇನು ಎಂದು ಕೇಳಿದಳು.

ಇದ್ದಳಲ್ಲ. ಮರುದಿನ ಸಾಲಿಯಲ್ಲಿ ಪದ್ಮಾಳ ಕಾಲು ಹಿಡಿಯುವುದೊಂದು ಬಾಕಿ. ಒಂದೇ ಒಂದು ಸಲ ಬಂದು ನೋಡಿದ್ದೇನೆ ಅನ್ನು ಎಂದೆ. ಹೇಳಿದರೆ ತಾನು ಹೊಳೆಗೆ ಬಂದದ್ದು ಗೊತ್ತಾಗುತ್ತದೆ, ಅವ್ವ ಕೊಲ್ಲುತ್ತಾಳೆ ಎಂದು ಅತ್ತಳು. ನಾನು ಅವಳ ಜೊತೆ ಮಾತು ಬಿಟ್ಟೆ. ಹದಿನೈದು ದಿನ ಓಣಿಯಲ್ಲಿ ನನಗೆ ‘ಕಲ್ಲ ಹಿಡದಾಕಿ’ ಎಂದು ಹೆಸರು ನಡೆಯಿತು. ನೀರು ಸೇದುವಾಗಲೂ ಅದೇ, ಅಂಗಡಿಗೆ ಹೋದರೂ ಅದೇ. ಸಿಟ್ಟಿನಿಂದ ಅನ್ನ ಸೇರುತ್ತಿರಲಿಲ್ಲ. ನನ್ನ ಮಾತು ಖರೇ ಅಂತ ಒಮ್ಮೆ, ಒಂದೇ ಒಮ್ಮೆ ಆ ಕಟ್ಟೆಯವರು ಒಪ್ಪಿದರೆ ಸಾಕು, ಬೇರೆ ಏನೂ ಬೇಡ ಅನ್ನಿಸಿಬಿಟ್ಟಿತ್ತು.

ಬೇಸಿಗೆ ಏರಿತು, ಹೊಳೆ ಇಳಿಯಿತು. ಒಂದು ಬೆಳಿಗ್ಗೆ ಓಣಿ ವಾಸನೆಗೇ ಎದ್ದಿತು. ಕಾಕವಿ ಬೆಲ್ಲದ ಪಾಕ ಕೊಳೆತಂಥ, ಅದರೊಳಗೆ ಕೊಳೆತ ತತ್ತಿ ಬೆರೆಸಿದಂಥ ವಾಸನೆ. ಮೇಲಿನ ಯಾವುದೋ ಕಾರ್ಖಾನೆಯ ನೀರು ಹೊಳೆಗೆ ಇಳಿದಿದೆ ಎಂದರು. ಹೊಳೆ ಕಪ್ಪಗಾಗಿತ್ತು, ಮೇಲೆ ಕಂದು ನೊರೆ. ದಂಡೆಗುಂಟ ಮೀನುಗಳು ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದವು, ಸಣ್ಣವು ದೊಡ್ಡವು ಎನ್ನದೆ. ಕೆಲವು ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದವು. ನೀರು ಕುಡಿಯಬೇಡಿ, ಮೀನು ಮುಟ್ಟಬೇಡಿ ಎಂದು ಡಂಗುರ ಸಾರಿದರು. ಅಷ್ಟಾದರೂ ಚೀಲ ಹಿಡಿದುಕೊಂಡು ಬಂದವರಿದ್ದರು. ಥೂ.

ಅಂದು ಕಾಕಾನ ರಜೆ. ನನ್ನನ್ನು ಕರೆದುಕೊಂಡು, ಮಂದಿ ಇಲ್ಲದ ಕಡೆ, ಪದ್ಮಾಳ ಹೊಲದ ಕೆಳಗಿನ ಮಡುವಿಗೆ ಹೋದ. ಅಲ್ಲಿ ಜೇಕಿನ ಹುಲ್ಲಿಗೆ ಸಿಕ್ಕಿಕೊಂಡು ಅದು ಬಿದ್ದಿತ್ತು. ಕಣ್ಣು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಹೊಟ್ಟೆ ಉಬ್ಬಿತ್ತು, ನೊಣ ಮುತ್ತಿದ್ದವು. ಬಾಯಿಯ ಮೂಲೆಯಲ್ಲಿ ನನ್ನ ಗಾಳ, ಅದರ ಮೇಲೆ ನನ್ನ ಹಸಿರು ದಾರ. ನಾನು ಸುತ್ತಿದ ಸುತ್ತು ಒಂದೂ ಬಿಚ್ಚಿರಲಿಲ್ಲ. ನನಗೆ ಅಳು ಬಂತು. ಮೀನು ಸತ್ತದ್ದಕ್ಕಲ್ಲ, ನಾನು ಸುಳ್ಳಿ ಅಲ್ಲ ಅಂತ ಗೊತ್ತಾದದ್ದಕ್ಕೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಕಾಕಾ ಬಹಳ ಹೊತ್ತು ಆ ಮೀನನ್ನೇ ನೋಡಿದ. ಜೀವಮಾನವೆಲ್ಲ ಕಟ್ಟೆಯ ಮೇಲೆ ಕೈ ಅಗಲಿಸಿದ ಮನುಷ್ಯ, ಮನೆಗೆ ಹೊತ್ತು ಒಯ್ದು ತೋರಿಸಲು ಒಂದೂ ಸಿಕ್ಕಿರಲಿಲ್ಲ. ಆಮೇಲೆ ತಂದಿದ್ದ ಗೋಣಿಚೀಲ ಬಿಚ್ಚಿದ.

“ಸುನಿ, ಇದು ನೀನ ಗಾಳಕ್ಕ ಹಾಕಿದ್ದ ಮೀನ ಅಂತ ಎಲ್ಲಾರ ಮುಂದ ನಾನ ಹೇಳ್ತೀನಿ. ತಲಿ ನಿನಗ,” ಅಂದ. “ದೂಧಗಂಗಾದಾಗ ಜೀವಂತ ಹಿಡದ್ವಿ ಅನ್ನೋಣ. ಸತ್ತಿತ್ತು ಅನ್ನೂದು ಮಾತ್ರ ನಿನ್ನ ಬಾಯಾಗಿಂದ ಬರಬಾರದ ನೋಡ.”

ಕಪ್ಪು ನೀರು ಬಂದದ್ದು ಕೃಷ್ಣೆಗೆ. ಅದಕ್ಕೆ ಬಂದು ಕೂಡುವ ಇನ್ನೊಂದು ಹೊಳೆ ದೂಧಗಂಗೆ ತಿಳಿಯಾಗಿತ್ತು, ಅಲ್ಲಿಯ ಮೀನಿಗೆ ಯಾರೂ ಬೇಡ ಅನ್ನುತ್ತಿರಲಿಲ್ಲ. ನಾನು ತಲೆಯಾಡಿಸಿದೆ. ಹೆದರಿಸಿದ್ದಕ್ಕಲ್ಲ, ಕಾಕಾ ಹೆದರಿಸಲೇ ಇಲ್ಲ. ನನಗೆ ಬೇಕಾಗಿತ್ತು, ಅಷ್ಟೇ.

ದೂರದ ದಾರಿಯಿಂದ ಸುತ್ತು ಹಾಕಿ ನಾವು ಓಣಿಗೆ ಬಂದೆವು. ಕಾಕಾ ಮಾತು ಉಳಿಸಿಕೊಂಡ. ಮೀನನ್ನು ಕಟ್ಟೆಯ ಮೇಲೆ ಹಾಕಿ, ದವಡೆ ಅಗಲಿಸಿ ಹಸಿರು ದಾರ ತೋರಿಸಿ, ನಮ್ಮ ಹುಡುಗಿ ಸುಳ್ಳು ಹೇಳಿರಲಿಲ್ಲ ಎಂದು ದೊಡ್ಡ ದನಿಯಲ್ಲಿ ಹೇಳಿದ. ನಕ್ಕವರೆಲ್ಲ ನನ್ನ ಬೆನ್ನು ತಟ್ಟಿದರು. ಅವ್ವ ಕೊಯ್ಯುವಾಗ ಕಿವಿರು ಯಾಕೆ ಕಂದಾಗಿದೆ, ನಾತ ಯಾಕಿಷ್ಟು ಎಂದು ಕೇಳಿದಳು. ಬಾಳೆ ಮೀನು ನಾರುವುದೇ ಹಾಗೆ ಎಂದ ಕಾಕಾ. ಅವ್ವ ನನ್ನ ಮುಖ ನೋಡಿದಳು. ನಾನು ಬೆಳ್ಳುಳ್ಳಿ ಸುಲಿಯುತ್ತ ಕೂತೆ. ಎರಡರಷ್ಟು ಹುಣಸೆಹುಳಿ, ಎರಡರಷ್ಟು ಖಾರ ಬಿತ್ತು. ಮೂರು ಮನೆಗಳಿಗೆ ಬೋಗುಣಿಯಲ್ಲಿ ಸಾರು ಹೋಯಿತು.

ತಲೆ ನನ್ನ ತಾಟಿಗೆ ಬಂತು. ಎಲ್ಲರೂ ಸುತ್ತ ಕೂತು ನೋಡುತ್ತಿದ್ದರು. ಬೆಂದು ಇನ್ನೂ ಬೆಳ್ಳಗಾದ ಆ ಕಣ್ಣು, ಆ ಮೀಸೆ. ಖಾರದ ಕೆಳಗೆ ಹೊಳೆಯ ಆ ವಾಸನೆ ಹಾಗೇ ಇತ್ತು. ಮೊದಲ ತುತ್ತಿಗೆ ವಾಂತಿ ಗಂಟಲಿಗೆ ಬಂತು, ನುಂಗಿಕೊಂಡೆ. ಇನ್ನೊಂದು ತುತ್ತು ತಿಂದೆ. ನನ್ನ ಎದುರು ಆಯಿ, ಹಲ್ಲಿಲ್ಲದ ಬಾಯಲ್ಲಿ, ನನ್ನ ಮೊಮ್ಮಗಳ ಮೀನು ಅಂತ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡಳು. ಬೇಡ ಆಯೀ ಅನ್ನಲು ನನಗೆ ಬಾಯಿ ಬರಲಿಲ್ಲ. ಬರಲಿಲ್ಲ ಅನ್ನುವುದೂ ಸುಳ್ಳು, ನಾನು ಬರಗೊಡಲಿಲ್ಲ.

ಆಗಲೇ ಪದ್ಮಾ ಬಾಗಿಲಲ್ಲಿ ಬಂದು ನಿಂತಳು. ಕೆನ್ನೆಯ ಮೇಲೆ ಬೆರಳು ಮೂಡಿದ್ದವು. ಒಳಗೆ ಬರಲಿಲ್ಲ, ಮೂಗು ಮುಚ್ಚಿಕೊಳ್ಳಲೂ ಇಲ್ಲ. ನಾನು ತಾಟು ಬಿಟ್ಟು ಹೊರಗೆ ಹೋದೆ. ಅವಳು, ಮುಂಜಾನೆ ನಮ್ಮ ಅವ್ವನಿಗೆ ಎಲ್ಲ ಹೇಳಿಬಿಟ್ಟೆ, ಹೊಡೆದಳು, ಇನ್ನು ನಿಮ್ಮ ಮನೆಯವರಿಗೂ ನಿನ್ನ ಮೀನು ಖರೇ ಅಂತ ಹೇಳಲು ಬಂದೆ ಎಂದಳು. ಬೇಕಾಗಿಲ್ಲ, ಮೀನೇ ಸಿಕ್ಕಿದೆ ಎಂದೆ ನಾನು. ನನ್ನ ಬಾಯಿಂದ ಅದೇ ನಾತ ಹೊಡೆಯುತ್ತಿತ್ತು.

ಅವಳು ಕೇಳಿದಳು: “ಜೀವಂತ ಇತ್ತೇನ?”

“ಹೌದ,” ಅಂದೆ.

“ಹಂಗಾರ ಆತು. ನೀ ಅಂದ್ರ ಖರೇ,” ಎಂದು ಹೊಲದ ಕಡೆ ಹೊರಟು ಹೋದಳು.

ಆ ಸಂಜೆಯಿಂದ ಆಯಿಗೆ ವಾಂತಿ, ಭೇದಿ. ಅಥಣಿಗೆ ಒಯ್ದು ಸಲಾಯಿನ್ ಹಚ್ಚಿದರು, ನಾಲ್ಕು ದಿನ ನಿತ್ರಾಣವಾಗಿ ಮಲಗಿದ್ದಳು. ಉಳಿದಳು. ಆದರೆ ಆಮೇಲೆ ಕೋಲಿಲ್ಲದೆ ನಡೆಯಲಿಲ್ಲ. ಸಾಯುವವರೆಗೂ ಅವಳು ಮೀನಿನ ತಪ್ಪು ಅನ್ನಲಿಲ್ಲ. ಅಂಥಾ ಮೀನು ಮುದುಕಿಗೆ ಜೀರ್ಣ ಆಗಲಿಲ್ಲ ಅನ್ನುತ್ತಿದ್ದಳು, ಅದನ್ನೂ ಹೆಮ್ಮೆಯಿಂದಲೇ.

ಈಗ ಹೊಳೆಯಲ್ಲಿ ಬಾಳೆ ಮೀನು ಕಾಣುವುದು ಅಪರೂಪ. ಬೇಸಿಗೆಯಲ್ಲಿ ಆ ನೊರೆ ಇನ್ನೂ ಬರುತ್ತದೆ, ಜನ ಅದಕ್ಕೆ ಮೂಗು ಮುರಿಯುವುದನ್ನೂ ಬಿಟ್ಟಿದ್ದಾರೆ. ಬಣ್ಣದ ದಾರ ಸುತ್ತುವವರು ಯಾರೂ ಉಳಿದಿಲ್ಲ. ಕಾಕಾನಿಗೆ ವಯಸ್ಸಾಗಿದೆ. ಮದುವೆ ಮನೆಗಳಲ್ಲಿ ಇನ್ನೂ ಕೈ ಅಗಲಿಸಿ ಆ ಮೀನನ್ನು ದೂಧಗಂಗೆಯಿಂದ ಎಳೆದು ತೆಗೆಯುತ್ತಾನೆ, ಆಮೇಲೆ ‘ಕೇಳ್ರಿ ಬೇಕಾದ್ರ ನಮ್ಮ ಸುನೀನ್ನ’ ಅನ್ನುತ್ತಾನೆ. ಅವನ ಮೇಲೆ ನನಗೆ ಬರುವ ಹೇಸಿಗೆ ಅಷ್ಟಕ್ಕಷ್ಟೇ, ಉಳಿದದ್ದೆಲ್ಲ ನನ್ನ ಮೇಲೆಯೇ.

ಪದ್ಮಾ ಮದುವೆಯಾಗಿ ನಿಪ್ಪಾಣಿಯಲ್ಲಿದ್ದಾಳೆ. ಹೋದ ವರ್ಷ ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಜೊತೆಗೆ ಅವಳ ಮಗಳು, ಆಗಿನ ನಮ್ಮಷ್ಟೇ ವಯಸ್ಸು. ಮಗಳಿಗೆ ನನ್ನನ್ನು ತೋರಿಸಿ, ಈಕೆ ಒಬ್ಬಳೇ ಬಾಳೆ ಮೀನು ಹಿಡಿದವಳು, ಇಡೀ ಓಣಿ ನಂಬದಿದ್ದರೂ ನಾನು ನಂಬಿದ್ದೆ ಎಂದಳು. ಹುಡುಗಿ ಕಣ್ಣರಳಿಸಿ, ಖರೇನ ಮಾಂವಶಿ, ಎಂದು ನನ್ನನ್ನೇ ಕೇಳಿತು.

ಬಸ್ಸು ಬಂತು. ನಾನು ಹೌದು ಅಂದು ಹತ್ತಿ ಕೂತೆ.