ತೊಟ್ಟಿಲಿಗೆ ಸಿಕ್ಕ ಬೇವಿನ ಟೊಂಗಿ

ನನ್ನ ನೆಗೆಣ್ಣಿ, ಅಂದ್ರ ನಮ್ಮ ಮೈದುನನ ಹೆಂಡ್ತಿ, ಕೆಟ್ಟಾಕಿ ಅಲ್ಲ. ಅದಾ ನನಗ ತ್ರಾಸು. ಕೆಟ್ಟಾಕಿ ಆಗಿದ್ರ ನಾಕು ಮಂದಿ ಮುಂದ ಬೈದು ಹಗುರ ಆಗ್ತಿದ್ದೆ. ಅಕಿ ರೊಟ್ಟಿ ಬಡಿದ್ರೂ ಛಲೋ, ನಕ್ಕರೂ ಛಲೋ. ನಮ್ಮತ್ತಿ ಬಾಯಾಗಂತೂ ದಿನಾ "ಸಣ್ಣಾಕಿ, ಸಣ್ಣಾಕಿ" ಅಂತ ಅಕೀದಾ ಜಪ. ಕೇಳಿ ಕೇಳಿ ನನ್ನ ಹೊಟ್ಟಿ ಉರದು ಹೋಗೇತಿ.

ಆ ಬ್ಯಾಸಿಗ್ಯಾಗ ನನ್ನ ಮಗಳು ಚೊಚ್ಚಲ ಬಾಣಂತನಕ್ಕ ಕುಷ್ಟಗಿಯಿಂದ ನಮ್ಮನಿಗೆ ಬಂದಿದ್ಲು. ನಮ್ಮಲ್ಲಿ ಮೊದಲನೇ ಕೂಸಿನ ತೊಟ್ಟಿಲಾ ತವರಮನಿಯವರದು. ಅಂಗಡ್ಯಾಗಿನ ಕಬ್ಬಿಣದ್ದು ಬ್ಯಾಡ, ಬೇವಿನ ಕಟಗೀದು ಮಾಡಿಸಿ, ಬಣ್ಣದ ಗೊಂಬಿ ಮಾಡೋ ಕಿನ್ನಾಳಕ್ಕ ಒಯ್ದು ಗಿಳಿ ಬರೆಸಿ, ನಾನಾ ಕೊಡಬೇಕು ಅಂತ ನನಗ ಭಾಳ ಆಸಿ. ಇದೊಂದರಾಗರೆ ಅಕಿ ಹೆಸರು ಬರಬಾರ್ದು ಅಂತ ಹಟ.

ಅಷ್ಟರಾಗ ಒಂದು ಸಂಜಿ ಬಿರುಗಾಳಿ ಎದ್ದು, ಗುಡ್ಡದ ಬುಡಕ ಫಾರೆಸ್ಟ್ ಜಾಗದಾಗ ದೊಡ್ಡ ಬೇವಿನ ಗಿಡ ಉರುಳಿತು. ಗಾರ್ಡ್ ಬಂದು, "ಬೊಡ್ಡಿ ಸರ್ಕಾರದ್ದು, ಮುಟ್ಟಬ್ಯಾಡ್ರಿ. ಮುರದು ಬಿದ್ದ ಟೊಂಗಿ ತಲಿಮ್ಯಾಲೆ ಹೊತ್ಕೊಂಡು ಹೋಗ್ರಿ, ಗಾಡಿ ತರಬ್ಯಾಡ್ರಿ" ಅಂದ. ನಮ್ಮ ಹೆಣ್ಮಕ್ಕಳದೊಂದು ಪದ್ಧತಿ ಐತಿ. ಸಗಣಿ ಇರ್ಲಿ, ಕಟಗಿ ಇರ್ಲಿ, ಮೊದಲು ಕಂಡಾಕಿ ಅದರ ಮ್ಯಾಲೆ ಒಂದು ಕಲ್ಲಿಟ್ರ ಅದು ಅಕೀದು. ಮತ್ತೊಬ್ಬಾಕಿ ಮುಟ್ಟಂಗಿಲ್ಲ.

ಮುಂಜಾನೆ ಚಾ ಸೈತ ಕುಡೀದ ಓಡಿದೆ. ತೊಟ್ಟಿಲಿಗೆ ಹೇಳಿ ಮಾಡಿಸಿದಂಗ ಒಂದು ನೆಟ್ಟನ ಟೊಂಗಿ ಬಿದ್ದಿತ್ತು. ಅದರ ಮ್ಯಾಲೆ ಆಗಲೇ ಕಲ್ಲು! ಬಾಜೂಕ ಹೊರಿ ಹೊರಾಕ ತಲಿಗೆ ಸಿಂಬಿ ಸುತ್ಕೋತ ನಿಂತಾಕಿ ಯಾರು? ಮತ್ಯಾರು, ನನ್ನ ನೆಗೆಣ್ಣಿ.

"ಯಕ್ಕಾ, ಬಂದ್ಯಾ?" ಅಂದಾಕಿನಾ ಕಲ್ಲು ತಗದು ಒಗದ್ಲು. "ಮಗಳ ತೊಟ್ಟಿಲಿಗೆ ಆಗ್ತೈತಿ, ತಗೋ."

ಅಲ್ಲಿದ್ದ ಹೆಂಗಸ್ರೆಲ್ಲಾ, "ಯವ್ವಾ, ಎಂಥಾ ದೊಡ್ಡ ಮನಸವಾ ನಿಂದು!" ಅಂತ ಅಕೀನ್ನ ಕೊಂಡಾಡಿದ್ರು. ನನಗ ಮೈಯೆಲ್ಲಾ ಬೆಂಕಿ. ಬ್ಯಾಡ ಅನ್ನಬೇಕಂದೆ, ಆದ್ರ ಸುಡ್ಲಿ, ಟೊಂಗಿ ಅಷ್ಟು ಛಲೋ ಇತ್ತು. "ಒಂದು ಕಡಿ ನಾ ಹಿಡೀತೀನಿ" ಅಂದ್ಲು. "ಏನೂ ಬ್ಯಾಡ" ಅಂತ ಒಬ್ಬಾಕಿನಾ ಹೊತ್ತೆ. ಮನಿ ಮುಟ್ಟೂದ್ರಾಗ ಕುತ್ತಿಗಿ ಮುರದಂಗಾಗಿತ್ತು. ನೆರಳಾಗ ಒಣಗಿಸಿದೆ, ಬಡಿಗ್ಯಾನ ಮನಿಗೆ ಎಡತಾಕಿದೆ, ಕಿನ್ನಾಳದಾಗ ಕುಂತು ಗಿಳಿ ಬರೆಸಿಕೊಂಡು ಬಂದೆ.

ಹೆಸರಿಡೋ ದಿನ ಕುಷ್ಟಗಿ ಬೀಗರು ತೊಟ್ಟಿಲಾ ನೋಡಿ ಬೆರಗಾದ್ರು. ಬೀಗತಿ ಗಿಳಿ ಮ್ಯಾಲೆ ಕೈಯಾಡಿಸಿ, ಯಾರು ಕೊಟ್ಟಿದ್ದು ಅಂತ ಕೇಳಿದ್ಲು. ನಾ ಸೆರಗು ಸರಿ ಮಾಡ್ಕೊಂಡು ಬಾಯಿ ತೆರೀಬೇಕು, ಅಷ್ಟರಾಗ ನನ್ನ ಮಗಳಾ, ನಾನು ಹಡದ ಮಗಳು, "ನಮ್ಮ ಚಿಗವ್ವಂದು ರೀ. ತಾನು ಕಲ್ಲಿಟ್ಟ ಟೊಂಗಿ ನಮಗ ಬಿಟ್ಟುಕೊಟ್ಲು" ಅಂದ್ಲು.

ಎಲ್ಲಾರೂ ನೆಗೆಣ್ಣಿ ಕಡೆ ತಿರುಗಿದ್ರು. ಅಕಿ ನಾಚಿ, "ನಂದೇನೈತ್ರಿ? ಹೊತ್ತಾಕಿ, ಮಾಡಿಸಿದಾಕಿ ಎಲ್ಲಾ ನಮ್ಮ ಯಕ್ಕ" ಅಂದ್ಲು.

ಬೀಗತಿ ಅಕಿ ಗಲ್ಲ ಸವರಿ, "ಎಷ್ಟು ಛಲೋ ಗುಣವಾ ನಿಂದು" ಅಂದ್ಲು.