ತೆರೆಯಲು ಒಪ್ಪದ ಕಡತ

ಅಪ್ಪನ ಸಕ್ಕರೆ ಕಾಯಿಲೆಯಿಂದ ನಾನು ಕಡತ ಕುಗ್ಗಿಸುವ ವಿದ್ಯೆ ಕಲಿತೆ ಎಂದರೆ ಯಾರೂ ನಂಬುವುದಿಲ್ಲ. ಅಕ್ಕ ಭದ್ರಾವತಿಯ ನ್ಯೂ ಟೌನಿನ ರಕ್ತಪರೀಕ್ಷೆ ಲ್ಯಾಬಿನಲ್ಲಿ ಟೆಕ್ನಿಷಿಯನ್. ನಾನು ಶಿವಮೊಗ್ಗದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಲ್ಯಾಬಿನ ವರದಿಗಳು ದಿನಾ ಬೆಳಿಗ್ಗೆ ಫ್ಲಾಪಿಯಲ್ಲಿ, ಬಸ್ ಕಂಡಕ್ಟರ್ ಕೈಯಲ್ಲಿ, ಶಿವಮೊಗ್ಗದ ಡಾಕ್ಟರಿಗೆ ಬರುತ್ತಿದ್ದವು. ಅವನ್ನು ನೋಡಿಯೇ ಅವರು ರೋಗಿಗಳ ಇನ್ಸುಲಿನ್ ಏರಿಸುತ್ತಿದ್ದರು, ಇಳಿಸುತ್ತಿದ್ದರು. ಭದ್ರಾವತಿಯ ಜನ್ನಾಪುರದಲ್ಲಿದ್ದ ನಮ್ಮ ಅಪ್ಪನದ್ದೂ ಅದರಲ್ಲಿತ್ತು. ಹಳೆಯ ವರದಿಗಳೆಲ್ಲ ಸೇರಿ ಕಡತ ಒಂದು ಫ್ಲಾಪಿಯಲ್ಲಿ ಹಿಡಿಯದಂತಾದಾಗ, ಕುಗ್ಗಿಸಿ ಕಳಿಸಲು ಒಂದು ಪ್ರೋಗ್ರಾಂ ಬರೆದುಕೊಡು ಎಂದು ಅಕ್ಕ ಕೇಳಿದಳು.

ಕುಗ್ಗಿಸುವ ಭಾಗ ನಾನೇ ಬರೆಯಬೇಕಿರಲಿಲ್ಲ. ಯಾರೋ ಪುಣ್ಯಾತ್ಮರು ಬರೆದು, ಸೋರ್ಸ್ ಕೋಡ್ ಸಮೇತ ಬಿಟ್ಟಿಯಾಗಿ ಹಂಚಿದ್ದ ಎರಡು ಲೈಬ್ರರಿಗಳು, ಅಂದರೆ ನಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡು, ಸಿಕ್ಕಿದ್ದವು. ಒಂದು ಚಿಟಿಕೆ ಹೊಡೆಯುವುದರೊಳಗೆ ಮುಗಿಸುತ್ತಿತ್ತು. ಇನ್ನೊಂದು ಲ್ಯಾಬಿನ ಹಳೇ ಮಶೀನಿನಲ್ಲಿ ಆಮೆ. ವೇಗದ್ದನ್ನು ಓಡಿಸಿ ತೋರಿಸಿ ಜಂಬ ಕೊಚ್ಚಿಕೊಂಡೆ.

“ಬೇಗ ಆಗೋದು ಬಿಡು ಮಾರಾಯ್ತಿ. ದಾರೀಲಿ ಏನಾದ್ರೂ ಕೆಟ್ರೆ ಅದು ಹೇಳುತ್ತಾ?” ಎಂದಳು ಅಕ್ಕ.

ನನಗೆ ಮೈ ಉರಿಯಿತು. ಸಿಟ್ಟಿನಲ್ಲೇ, ಕುಗ್ಗಿಸಿದ ಕಡತದ ಒಂದೇ ಒಂದು ಅಂಕಿ ಕೆಡಿಸಿ ತೆರೆದೆ. ವೇಗದ್ದು ತಕರಾರಿಲ್ಲದೆ ತೆರೆಯಿತು. ಯಾರದೋ ಸಕ್ಕರೆ 198 ಇದ್ದದ್ದು 398 ಆಗಿತ್ತು. ನಿಧಾನದ್ದು ಕಡತ ಕೆಟ್ಟಿದೆ ಎಂದು ಹೇಳಿ ತೆರೆಯಲೇ ಇಲ್ಲ. ಜಂಬ ಬಿಟ್ಟು ನಿಧಾನದ್ದನ್ನೇ ಹಾಕಿದೆ.

ಮೂರನೇ ವಾರವೋ ಏನೋ, ಡಾಕ್ಟರ ಕಾಂಪೌಂಡರ್ ನನಗೆ ಫೋನ್ ಮಾಡಿ, ಕಡತ ತೆರೆಯುತ್ತಲೇ ಇಲ್ಲ ಎಂದು ಬಾಯಿಗೆ ಬಂದಂತೆ ಬೈದ. ಆಮೇಲೆ ತಿಳಿದದ್ದು ಇಷ್ಟು: ಫ್ಲಾಪಿಗೆ ಜನರ ಕಾಲು ತಾಗದಿರಲಿ ಎಂದು ಕಂಡಕ್ಟರ್ ಅದನ್ನು ಜೋಪಾನವಾಗಿ ಬಸ್ಸಿನ ಸ್ಪೀಕರ್ ಮೇಲಿಟ್ಟಿದ್ದ. ಸ್ಪೀಕರಿನ ಅಯಸ್ಕಾಂತ ಅದನ್ನು ಕೆಡಿಸಿತ್ತು. ಕಾಂಪೌಂಡರಿಗೋ ಕಂಪ್ಯೂಟರ್ ಏನು ಕೇಳಿದರೂ ‘ಇಗ್ನೋರ್’ ಒತ್ತುವ ಚಾಳಿ. ಹಾಗೆ ಒತ್ತಿ ಒತ್ತಿಯೇ ಕೆಟ್ಟ ಕಡತವನ್ನು ನಕಲು ಮಾಡಿಕೊಂಡಿದ್ದ. ನನ್ನ ಪ್ರೋಗ್ರಾಂ ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ.

ಬೈಗುಳ ಕೇಳಿ ಅಷ್ಟು ಹಿಗ್ಗಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಕೂಡಲೇ ಅಕ್ಕನಿಗೆ ತಿಳಿಸಿದೆ. ಅವಳು ರಿಜಿಸ್ಟರ್ ಹಿಡಿದು ಫೋನಿನಲ್ಲೇ ಡಾಕ್ಟರಿಗೆ ಒಬ್ಬೊಬ್ಬರದ್ದೇ ಓದಿ ಹೇಳಿದಳು. ಅಪ್ಪನ ಸಕ್ಕರೆ ಅರವತ್ತೆರಡಕ್ಕೆ ಇಳಿದಿತ್ತು; ಅದರ ಮೇಲೆ ಇನ್ಸುಲಿನ್ ಬಿದ್ದಿದ್ದರೆ ಜೀವಕ್ಕೇ ಅಪಾಯ. ಇವತ್ತು ಸಂಜೆಯ ಇನ್ಸುಲಿನ್ ಬೇಡವೇ ಬೇಡ, ಈಗಲೇ ಏನಾದರೂ ಸಿಹಿ ಕೊಡಿ ಎಂದರಂತೆ ಅವರು.

ಸಂಜೆ ಜನ್ನಾಪುರಕ್ಕೆ ಓಡಿದೆ. ಅಪ್ಪ ಬೆಲ್ಲದ ಟೀ ಹೀರುತ್ತಾ ಕೂತಿದ್ದರು. “ಡಾಕ್ಟರಿಗೆ ಇವತ್ತು ಒಳ್ಳೇ ಬುದ್ಧಿ ಬಂದಿದೆ ಕಣೇ,” ಎಂದರು. ಅವರ ತೋಳು ಹಿಡಿದುಕೊಂಡು ಅತ್ತುಬಿಟ್ಟೆ.